ಕ್ಯಾರವಾನ್ ಬರಲಿ, ಅದರ ಹೊಲಸು ಇಳಿಸುವ ಜಾಗವೂ ಇರಲಿ: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಎಣ್ಮಕಜೆ ಪಂಚಾಯತಿನ ಒಬ್ಬ ಅಡಿಕೆ ಕೃಷಿಕ. ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಲ್ಲಿನ ಕನ್ನಡದವರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು ಎಂದು ಕೇರಳದ ಭಾಷಾ ಕಾಯ್ದೆ 1969ರಲ್ಲೇ ಹೇಳಿದೆ. ನಿಮ್ಮ ಕಚೇರಿಯಲ್ಲಿ ಓದುವವರು ಇದ್ದಾರೆ ಅಂತ ನಂಬಿದ್ದೇನೆ.

ವಿಷಯ ಕಕ್ಕಸಿನದ್ದು. ಹತ್ತು ಜನರ ಮುಂದೆ ಮಾತಾಡಲು ಮುಜುಗರ ಆಗುತ್ತದೆ ನಿಜ. ಆದರೆ ಮುಜುಗರ ಅಂತ ಯಾರೂ ಬಾಯಿ ಬಿಡದೆ ಇರುವುದರಿಂದಲೇ ಇದು ಹೀಗೆ ಉಳಿದಿದೆ.

ಕಳೆದ ಮಾರ್ಚಿನಲ್ಲಿ ನನ್ನ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಜೊತೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಬಾಡಿಗೆಗೆ ತೆಗೆದುಕೊಂಡ ಕ್ಯಾರವಾನ್ ಅದು. ಒಳಗೆ ಮಲಗುವ ಜಾಗ, ಚಿಕ್ಕ ಅಡುಗೆ ಕಟ್ಟೆ, ಸ್ನಾನಕ್ಕೆ ಒಂದು ಮೂಲೆ, ಕಕ್ಕಸು ಎಲ್ಲ ಇತ್ತು. ತಲಪಾಡಿ ದಾಟಿ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ನೋಡಿದ್ದಾರೆ. ಅನಂತಪುರದ ಕೆರೆಯ ದೇವಸ್ಥಾನಕ್ಕೆ ಹೋಗಿದ್ದಾರೆ. ಬೇಕಲದ ಹತ್ತಿರ ಎರಡು ರಾತ್ರಿ ಇದ್ದರು. ಅಲ್ಲಿಂದ ಚೆರ್ಕಳ, ಬದಿಯಡ್ಕ ದಾರಿಯಾಗಿ ಪೆರ್ಲಕ್ಕೆ ಬಂದು ನಮ್ಮ ಮನೆಗೆ ಬರುವುದು ಅಂತ ಮಾತಾಗಿತ್ತು. ಮಧ್ಯಾಹ್ನದ ಊಟಕ್ಕೆ ಕಾದೆವು. ಅವರು ಬಂದಾಗ ಸಂಜೆ ಆರೂವರೆ.

ಗಾಡಿಯಿಂದ ಇಳಿದವನೇ ಕೇಳಿದ್ದು ಒಂದೇ ಮಾತು. "ಮಾವ, ಟ್ಯಾಂಕ್ ಖಾಲಿ ಮಾಡ್ಲಿಕ್ಕೆ ಎಲ್ಲಾದ್ರೂ ಜಾಗ ಉಂಟಾ?"

ಇಂಥ ಗಾಡಿಯ ಅಡಿಯಲ್ಲಿ ಎರಡು ಟ್ಯಾಂಕ್ ಇರುತ್ತದೆ. ಪಾತ್ರೆ ತೊಳೆದ ನೀರು, ಮೈ ತೊಳೆದ ನೀರು ಒಂದಕ್ಕೆ ಹೋಗುತ್ತದೆ. ಕಕ್ಕಸಿನದ್ದು ಇನ್ನೊಂದಕ್ಕೆ. ನಾಲ್ಕು ಜನ ಇದ್ದರೆ ಎರಡು ಮೂರು ದಿನದಲ್ಲಿ ಕಕ್ಕಸಿನ ಟ್ಯಾಂಕ್ ತುಂಬುತ್ತದೆ. ಚಾಲಕನ ಹಿಂದಿನ ಗೋಡೆಯಲ್ಲಿ ಸಾಲಾಗಿ ಚಿಕ್ಕ ದೀಪಗಳಿದ್ದವು. ಕೊನೆಯದು ಕೆಂಪಾದರೆ ಟ್ಯಾಂಕ್ ತುಂಬಿತು ಅಂತ ಲೆಕ್ಕ. ಅದು ಬೆಳಿಗ್ಗೆ ಬೇಕಲದಲ್ಲೇ ಕೆಂಪಾಗಿತ್ತು.

ಅವರು ದಾರಿ ಉದ್ದಕ್ಕೂ ಕೇಳಿಕೊಂಡು ಬಂದಿದ್ದಾರೆ. ಒಂದು ಪೆಟ್ರೋಲ್ ಬಂಕಿನಲ್ಲಿ ಅದೇನು ಅಂತಲೇ ಅರ್ಥ ಆಗಲಿಲ್ಲವಂತೆ. ಒಂದು ಹೋಂಸ್ಟೇಯವರು, ಮಳೆಗಾಲದಲ್ಲಿ ನಮ್ಮ ಗುಂಡಿಯೇ ಉಕ್ಕುತ್ತದೆ, ನಿಮ್ಮದನ್ನು ಹೇಗೆ ಹಾಕಿಸಿಕೊಳ್ಳುವುದು ಅಂದರು. ಅದರಲ್ಲಿ ತಪ್ಪೇನಿಲ್ಲ. ವಾಹನ ತೊಳೆಯುವ ಒಂದು ಕಡೆ, ಇಲ್ಲಿಯ ನೀರು ಚರಂಡಿಗೆ ಹೋಗುತ್ತದೆ, ಬೇಡ ಅಂದರು. ಅವರಿಗೆ ಪುಣ್ಯ ಬರಲಿ. ಕೊನೆಗೆ ಒಂದು ಅಂಗಡಿಯಲ್ಲಿ ಚಾ ಕುಡಿಯುತ್ತಿದ್ದವರೊಬ್ಬರು ದಾರಿ ತೋರಿಸಿದರು. "ರಾತ್ರಿ ಆದ ಮೇಲೆ ಸಂಕದ (ಸೇತುವೆಯ) ಹತ್ತಿರ ಬಿಟ್ಟುಬಿಡಿ ಮಾರಾಯ್ರೆ. ಯಾರು ನೋಡ್ತಾರೆ?"

ಸ್ವಾಮಿ, ನಾನು ಈ ಪತ್ರ ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ಆ ಮನುಷ್ಯ ಕೆಟ್ಟವನಲ್ಲ. ಬೇರೆ ದಾರಿ ಇಲ್ಲ ಅಂತ ಅವನಿಗೆ ಗೊತ್ತಿತ್ತು, ಅಷ್ಟೆ.

ನಮ್ಮ ಹುಡುಗ ಹಾಗೆ ಮಾಡಲಿಲ್ಲ. ನಮ್ಮ ಮನೆಯ ಹಿಂದೆ ಸೆಪ್ಟಿಕ್ ಟ್ಯಾಂಕ್ ಇದೆ. ಹಾರೆ ಹಾಕಿ ಅದರ ಮೇಲಿನ ಸಿಮೆಂಟಿನ ಚಪ್ಪಡಿ ಎಬ್ಬಿಸಿದೆವು. ಗಾಡಿಯಲ್ಲಿದ್ದ ಮೂರು ಇಂಚಿನ ಪೈಪ್ ಅಲ್ಲಿಯವರೆಗೆ ಎಟುಕಲಿಲ್ಲ. ಅಡಿಕೆ ಹರಡಿದ್ದ ಅಂಗಳವನ್ನು ಅರ್ಧ ಖಾಲಿ ಮಾಡಿ ಗಾಡಿಯನ್ನು ಹಿಂದೆ ತೆಗೆದುಕೊಂಡೆವು. ಅವನು ಕೈಗೆ ರಬ್ಬರ್ ಗವಸು ಹಾಕಿಕೊಂಡು ಮೊದಲು ಕಕ್ಕಸಿನ ವಾಲ್ವ್ ಎಳೆದ. ಪೈಪ್ ಹಾವಿನ ಹಾಗೆ ಅಲುಗಾಡಿತು. ಅದು ಪೂರ್ತಿ ಇಳಿದ ಮೇಲೆ ಸ್ನಾನದ ನೀರಿನ ವಾಲ್ವ್ ತೆಗೆದ. ಆ ಕ್ರಮ ಯಾಕೆ ಅಂತ ಆಮೇಲೆ ಗೊತ್ತಾಯಿತು. ಎರಡನೆಯ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಅಂಗಳಕ್ಕೆ ಒಂದು ತೊಟ್ಟೂ ಬೀಳಲಿಲ್ಲ. ಈ ಹತ್ತು ನಿಮಿಷದ ಕೆಲಸಕ್ಕೆ ಒಂದು ಜಾಗ ಹುಡುಕುತ್ತಾ ಆ ಮಕ್ಕಳು ಇಡೀ ದಿನ ಹಸಿದುಕೊಂಡು ತಿರುಗಿದ್ದಾರೆ.

ಚಪ್ಪಡಿ ಮುಚ್ಚುವಾಗ ನನ್ನ ಹೆಂಡತಿ ಕೇಳಿದಳು. "ಇವರಿಗೆ ನಾವಿದ್ದೇವೆ. ಇಲ್ಲಿ ನೆಂಟರಿಲ್ಲದವರು ಏನು ಮಾಡ್ತಾರೆ?"

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ನಿಮ್ಮಲ್ಲಿ ಇರಬಹುದು ಅಂತ ಬರೆಯುತ್ತಿದ್ದೇನೆ. ಜಿಲ್ಲೆಯ ಆಡಳಿತವೂ ನಿಮ್ಮದೇ, ಜಿಲ್ಲಾ ಪ್ರವಾಸೋದ್ಯಮ ಮಂಡಳಿಗೂ ನೀವೇ ಅಧ್ಯಕ್ಷರು. ಕರೆಯುವವರೂ ನೀವೇ, ಊರನ್ನು ಕಾಯುವವರೂ ನೀವೇ.

ಬನ್ನಿ ಅಂತ ನಾವೇ ಕರೆದದ್ದು ಅಲ್ವಾ? 2021ರಲ್ಲಿ ಕೇರಳ ಸರಕಾರ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿತು. 2022ರಲ್ಲಿ ವಾಗಮಣ್ಣಿನಲ್ಲಿ ಮೊದಲ ಕ್ಯಾರವಾನ್ ಪಾರ್ಕ್ ಶುರುವಾಯಿತು. ಒಳ್ಳೆಯ ಕೆಲಸ. ಆದರೆ ಪಾರ್ಕಿನಲ್ಲಿ ತಂಗುವವರಿಗೆ ಪಾರ್ಕ್ ಇದೆ. ದಾರಿಯಲ್ಲಿ ಇರುವವರ ಗತಿ ಏನು? ಕ್ಯಾರವಾನ್ ತೆಗೆದುಕೊಳ್ಳುವುದೇ ಒಂದು ಕಡೆ ನಿಲ್ಲದೆ ಊರೂರು ನೋಡಲಿಕ್ಕೆ. ರಾಷ್ಟ್ರೀಯ ಹೆದ್ದಾರಿ 66 ಅಗಲ ಆದ ಮೇಲೆ ಗೋವಾ ಕಡೆಯಿಂದ, ಮಂಗಳೂರು ಕಡೆಯಿಂದ ಬರುವವರು ಜಾಸ್ತಿಯೇ ಆಗುತ್ತಾರೆ. ಕೇರಳಕ್ಕೆ ಕಾಲಿಡುವಾಗ ಅವರಿಗೆ ಮೊದಲು ಸಿಗುವುದು ನಮ್ಮ ಜಿಲ್ಲೆ.

ಇನ್ನು ನಮ್ಮ ನೆಲದ ವಿಷಯ. ಇದನ್ನು ಸ್ವಲ್ಪ ಸಾವಕಾಶವಾಗಿ ಓದಬೇಕು ಅಂತ ಕೇಳಿಕೊಳ್ಳುತ್ತೇನೆ.

ನಮ್ಮದು ಮುರಕಲ್ಲಿನ ನೆಲ. ಹೊರಗಿನಿಂದ ನೋಡಿದರೆ ಗಟ್ಟಿ ಪಾರೆ. ಒಳಗೆ ಜೇನುಗೂಡಿನ ಹಾಗೆ ತೂತು. ಮಳೆಗಾಲದಲ್ಲಿ ಗುಡ್ಡೆಯ ಮೇಲೆ ಬಿದ್ದ ನೀರು ಆ ತೂತುಗಳಲ್ಲೇ ಇಳಿದು ನಮ್ಮ ಬಾವಿಗೆ, ಸುರಂಗಕ್ಕೆ ಬರುತ್ತದೆ. ಬೇರೆ ಕಡೆಯವರಿಗೆ ಸುರಂಗ ಅಂದರೆ ರೈಲು ಹೋಗುವ ದಾರಿ. ನಮಗೆ ಅದು ಕುಡಿಯುವ ನೀರು. ಗುಡ್ಡೆಯ ಹೊಟ್ಟೆಗೆ ಅಡ್ಡವಾಗಿ, ಒಬ್ಬ ಬಗ್ಗಿಕೊಂಡು ಹೋಗುವಷ್ಟು ಎತ್ತರಕ್ಕೆ, ಪಿಕಾಸಿನಲ್ಲಿ ಕೊರೆದ ಬಿಲ. ನಮ್ಮ ಸುರಂಗ ನನ್ನ ಅಜ್ಜನ ಕಾಲದ್ದು. ಏಪ್ರಿಲ್ ತಿಂಗಳಲ್ಲೂ ಅದರಲ್ಲಿ ಕಿರುಬೆರಳಿನಷ್ಟು ದಪ್ಪ ನೀರು ಬರುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಅದೇ ನೀರಿನಲ್ಲಿ ನಾವು ನಾಲ್ಕು ತಲೆಮಾರು ಬದುಕಿದ್ದೇವೆ.

ಆ ಸುರಂಗದ ನೆತ್ತಿಯ ಮೇಲೆ ಒಂದು ಪಾರೆ ಇದೆ. ವಿಶಾಲವಾದ ಜಾಗ. ಸಂಜೆ ಅಲ್ಲಿ ನಿಂತರೆ ಪಡುವಣ ಕಡೆ ಆಕಾಶ ಕೆಂಪಾಗುವುದು ಚೆನ್ನಾಗಿ ಕಾಣುತ್ತದೆ. ಪೊಸಡಿ ಗುಂಪೆಯ ಗುಡ್ಡೆ ನೋಡಲು ಬರುವವರು ಗಾಡಿ ನಿಲ್ಲಿಸುವುದೂ ಇಂಥದ್ದೇ ಪಾರೆಗಳಲ್ಲಿ. ಯಾರಾದರೂ ಕತ್ತಲಲ್ಲಿ ಅಲ್ಲಿ ಒಂದು ಟ್ಯಾಂಕ್ ಖಾಲಿ ಮಾಡಿದರೆ ಮರುದಿನ ಬೆಳಿಗ್ಗೆ ಏನೂ ಕಾಣುವುದಿಲ್ಲ. ನೆಲ ಕುಡಿದುಬಿಟ್ಟಿರುತ್ತದೆ. ಅದು ಯಾವ ತೂತಿನಲ್ಲಿ ಇಳಿದು ಯಾರ ಸುರಂಗಕ್ಕೆ ಬಂತು ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ.

ತೋಡಿಗೆ, ಅಂದರೆ ಹಳ್ಳಕ್ಕೆ, ಬಿಟ್ಟರೂ ಅಷ್ಟೇ. ಮಳೆ ನಿಂತ ಮೇಲೆ ನಾವು ಊರವರು ಸೇರಿ ತೋಡಿಗೆ ಕಟ್ಟ ಕಟ್ಟುತ್ತೇವೆ. ಕಲ್ಲು, ಮಣ್ಣು ಹಾಕಿ ನೀರು ನಿಲ್ಲಿಸುತ್ತೇವೆ. ಅಕ್ಕಪಕ್ಕದ ಬಾವಿಗಳು ತುಂಬುವುದು ಆ ನಿಂತ ನೀರಿನಿಂದ. ಹರಿಯುವ ನೀರಿಗೆ ಬಿದ್ದ ಹೊಲಸು ಸ್ವಲ್ಪವಾದರೂ ಮುಂದೆ ಹೋಗುತ್ತದೆ. ಕಟ್ಟದ ನೀರಿಗೆ ಬಿದ್ದದ್ದು ಅಲ್ಲೇ ನಿಲ್ಲುತ್ತದೆ. ಪ್ರವಾಸಿಗಳು ಬರುವುದೂ ಅದೇ ತಿಂಗಳುಗಳಲ್ಲಿ.

ಇನ್ನೊಂದು ಮಾತು. ಎಣ್ಮಕಜೆ, ಪಡ್ರೆ, ಸ್ವರ್ಗ ಅಂದರೆ ನಿಮಗೆ ಎಂಡೋಸಲ್ಫಾನ್ ಕೀಟನಾಶಕ ನೆನಪಾಗುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ವಿಷ ಸುರಿಸುವುದು ನಿಂತದ್ದು 2000ದಲ್ಲಿ. ಸುಪ್ರೀಂ ಕೋರ್ಟ್ ದೇಶಕ್ಕೇ ಅದನ್ನು ನಿಲ್ಲಿಸಿದ್ದು 2011ರಲ್ಲಿ. ಕಕ್ಕಸಿನ ನೀರನ್ನು ಅದರ ಜೊತೆ ಹೋಲಿಸುತ್ತಿಲ್ಲ, ಹಾಗೆ ಹೋಲಿಸುವುದು ತಪ್ಪು. ಆದರೆ ಗುಡ್ಡೆಯ ಮೇಲೆ ಬಿದ್ದದ್ದು ನೀರಿಗೆ ಇಳಿಯುತ್ತದೆ ಅಂತ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ನೀರಿನ ಬಗ್ಗೆ ನಮ್ಮವರಿಗೆ ಭಯ ಜಾಸ್ತಿ ಅಂತ ಕಂಡರೆ ಅದಕ್ಕೆ ಕಾರಣ ಇದೆ.

ಕ್ಯಾರವಾನಿನ ಕಕ್ಕಸಿಗೆ ವಾಸನೆ ತಡೆಯಲು ಒಂದು ದ್ರವ ಹಾಕುತ್ತಾರೆ. ಹೆಚ್ಚಾಗಿ ನೀಲಿ ಬಣ್ಣದ್ದು. ಕೆಲವದರಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಅದು ಸೆಪ್ಟಿಕ್ ಟ್ಯಾಂಕಿನಲ್ಲಿ ಹೊಲಸನ್ನು ಕರಗಿಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತದೆ. ನಮ್ಮ ಹುಡುಗನ ಹತ್ತಿರ ಇದ್ದದ್ದು ಅದಿಲ್ಲದ ಜಾತಿಯದ್ದು. ಬಾಟಲಿ ತಂದು ತೋರಿಸಿದ ಮೇಲೆಯೇ ನಾನು ಚಪ್ಪಡಿ ಎಬ್ಬಿಸಲು ಒಪ್ಪಿದ್ದು. ಗಾಡಿ ಬಾಡಿಗೆಗೆ ಕೊಡುವವರಿಗೆ ಈ ಒಂದು ನಿಯಮ ಹಾಕಿದರೂ ಎಷ್ಟೋ ಉಪಕಾರ.

ನಮ್ಮ ಹುಡುಗ ನಾಲ್ಕು ವರ್ಷ ಆಸ್ಟ್ರೇಲಿಯಾದಲ್ಲಿ ಇದ್ದವನು. ಅಲ್ಲಿ ಇದಕ್ಕೆ ಡಂಪ್ ಪಾಯಿಂಟ್ ಅನ್ನುತ್ತಾರಂತೆ. ಅಮೆರಿಕದಲ್ಲಿ ಡಂಪ್ ಸ್ಟೇಷನ್. ಚಿತ್ರ ಬಿಡಿಸಿ ತೋರಿಸಿದ. ನಡುವಿನ ಕಡೆಗೆ ಇಳಿಜಾರಾದ ಒಂದು ಕಾಂಕ್ರೀಟ್ ನೆಲ. ಮಧ್ಯದಲ್ಲಿ ಮುಚ್ಚಳ ಇರುವ ಒಂದು ತೂತು. ಅದು ಒಳಚರಂಡಿಗೋ ದೊಡ್ಡ ಟ್ಯಾಂಕಿಗೋ ಸೇರುತ್ತದೆ. ತೊಳೆಯಲು ಒಂದು ನಲ್ಲಿ, ಅದರ ಮೇಲೆ ಕುಡಿಯಬೇಡಿ ಅಂತ ಬೋರ್ಡ್. ಕುಡಿಯುವ ನೀರಿನ ನಲ್ಲಿ ದೂರದಲ್ಲಿ ಬೇರೆ. ಅಷ್ಟೇ. ಆಸ್ಟ್ರೇಲಿಯಾದಲ್ಲಿ ಹಳ್ಳಿಯಂಥ ಚಿಕ್ಕ ಊರುಗಳು ತಾವಾಗಿ ಇದನ್ನು ಕಟ್ಟಿಸುತ್ತವೆ. ಕ್ಯಾರವಾನಿನವರ ಸಂಘವೊಂದು ಇಂಥ ಊರುಗಳಿಗೆ 'ಆರ್‌ವಿ ಫ್ರೆಂಡ್ಲಿ ಟೌನ್', ಅಂದರೆ ಕ್ಯಾರವಾನಿನವರಿಗೆ ಅನುಕೂಲದ ಊರು, ಅಂತ ಹೆಸರು ಕೊಡುತ್ತದೆ. ಆ ಹೆಸರು ಬೇಕಾದರೆ ಡಂಪ್ ಪಾಯಿಂಟ್ ಇರಲೇಬೇಕು. ಟ್ಯಾಂಕ್ ಖಾಲಿ ಮಾಡಲು ನಿಂತವರು ಆ ಊರಿನಲ್ಲೇ ಡೀಸೆಲ್ ಹಾಕಿಸುತ್ತಾರೆ, ತರಕಾರಿ ಕೊಳ್ಳುತ್ತಾರೆ, ಊಟ ಮಾಡುತ್ತಾರೆ. ಪೆರ್ಲದ ಪೇಟೆಗೂ ಮುಳ್ಳೇರಿಯದ ಪೇಟೆಗೂ ಅದು ಬೇಡ ಅನ್ನುವವರು ಯಾರಿದ್ದಾರೆ?

ನಾನು ಕೇಳುವುದು ಹೊಸ ಕಟ್ಟಡ ಅಲ್ಲ. ಹೆದ್ದಾರಿ ಬದಿಯಲ್ಲಿ ಸರಕಾರದ 'ಟೇಕ್ ಎ ಬ್ರೇಕ್' ಶೌಚಾಲಯಗಳು ಬಂದಿವೆ. ಅವುಗಳಲ್ಲಿ ಗಾಡಿ ತಿರುಗಿಸಲು ಜಾಗ ಇರುವ ಒಂದನ್ನು ಆರಿಸಿ, ಪಕ್ಕದಲ್ಲಿ ಬೇರೆಯೇ ಒಂದು ಟ್ಯಾಂಕ್ ಕಟ್ಟಿಸಿ. ತಳಕ್ಕೂ ಸಿಮೆಂಟ್ ಹಾಕಿಸಬೇಕು. ನಮ್ಮ ಕಡೆಯ ಹಳೆಯ ಗುಂಡಿಗಳಿಗೆ ತಳವೇ ಇಲ್ಲ, ಮುರಕಲ್ಲು ಕಟ್ಟಿ ಬಿಟ್ಟದ್ದು. ಇದಕ್ಕೆ ಹಾಗೆ ಮಾಡಬಾರದು. ಇನ್ನೊಂದು ಬೇಕಲದ ಹತ್ತಿರ ಬೇಕು. ಒಳಗಿನ ದಾರಿಯಲ್ಲಿ, ಬದಿಯಡ್ಕದಲ್ಲೋ ಪೆರ್ಲದಲ್ಲೋ ಒಂದು ಬೇಕು. ನನಗೆ ಕೇಳಿದರೆ ಇದೇ ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ತೋಡು, ಸುರಂಗ ಎಲ್ಲ ಇರುವುದು ಇಲ್ಲಿ. ಒಂದು ಗಾಡಿಗೆ ನೂರು ರೂಪಾಯಿ ತೆಗೆದುಕೊಳ್ಳಿ. ಸಂತೋಷದಿಂದ ಕೊಡುತ್ತಾರೆ. ಬೋರ್ಡ್ ಮಾತ್ರ ಮಲಯಾಳದ ಜೊತೆಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ. ಗಡಿ ದಾಟಿ ಬರುವವರಲ್ಲಿ ಕನ್ನಡದವರೇ ಜಾಸ್ತಿ.

ಟ್ಯಾಂಕ್ ತುಂಬಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ಮೊದಲೇ ಬರೆದಿಡಬೇಕು. ಹೀರುವ ಲಾರಿ ಬಂತು, ಹೋಯಿತು ಅಂದರೆ ಸಾಲದು. ಅದು ಶುದ್ಧೀಕರಣ ಘಟಕಕ್ಕೇ ಹೋಯಿತು ಅಂತ ರಸೀದಿ ಇರಬೇಕು. ಇಲ್ಲದಿದ್ದರೆ ಹತ್ತು ಕ್ಯಾರವಾನ್ ಚೂರು ಚೂರು ಬಿಡುತ್ತಿದ್ದದ್ದನ್ನು ಒಂದು ಲಾರಿ ಒಟ್ಟಿಗೇ ಸಂಕದ ಹತ್ತಿರ ಬಿಟ್ಟ ಹಾಗೆ ಆಗುತ್ತದೆ.

ವರ್ಷಕ್ಕೆ ಬೆರಳೆಣಿಕೆಯ ಕ್ಯಾರವಾನ್ ಬರುತ್ತದೆ, ಇಷ್ಟಕ್ಕೆಲ್ಲ ಯಾಕೆ ಖರ್ಚು ಅಂತ ನಿಮ್ಮ ಕಚೇರಿಯಲ್ಲಿ ಯಾರಾದರೂ ಕೇಳಬಹುದು. ಅವರಿಗೆ ಇದನ್ನು ಹೇಳಿ. ಬ್ರಹ್ಮಕಲಶ, ಕಳಿಯಾಟ, ದೊಡ್ಡ ಮದುವೆ ಅಂದರೆ ಈಗ ಬಾಡಿಗೆ ಕಕ್ಕಸು ತಂದು ಇಡುತ್ತಾರೆ. ಸಾವಿರಾರು ಜನ ಬಳಸುತ್ತಾರೆ. ಕಾರ್ಯಕ್ರಮ ಮುಗಿದ ಮರುದಿನ ಅದನ್ನು ಎಲ್ಲಿ ಖಾಲಿ ಮಾಡಿದರು ಅಂತ ನಾನು ಯಾವ ಸಮಿತಿಯ ಸಭೆಯಲ್ಲೂ ಕೇಳಿಲ್ಲ. ನಾನೂ ಸಮಿತಿಗಳಲ್ಲಿ ಕೂತವನೇ, ನನಗೂ ಹೊಳೆದಿರಲಿಲ್ಲ. ಈ ಜಾಗ ಅವುಗಳಿಗೂ ಉಪಯೋಗಕ್ಕೆ ಬರುತ್ತದೆ.

ನಮ್ಮ ಹುಡುಗ ಬರುವ ಡಿಸೆಂಬರಿನಲ್ಲಿ ಮತ್ತೆ ಬರುತ್ತಾನೆ. ಈ ಸಲ ಅವನ ಎರಡು ಸ್ನೇಹಿತರ ಸಂಸಾರವೂ ಬರುತ್ತದಂತೆ, ಮೂರು ಗಾಡಿಯಲ್ಲಿ. ನಾವು ಕಟ್ಟ ಕಟ್ಟುವುದನ್ನು ಮಕ್ಕಳಿಗೆ ತೋರಿಸಬೇಕು ಅಂತ ಅವನ ಆಸೆ. ಬರಲಿ. ಅಷ್ಟರೊಳಗೆ ಒಂದು ಜಾಗ ಆದರೆ ಅಲ್ಲಿಗೇ ಹೋಗಿ ಅನ್ನುತ್ತೇನೆ. ಆಗದಿದ್ದರೆ ಏನು ಮಾಡುವುದು, ನಮ್ಮ ಮನೆಯ ಹಿಂದೆಯೇ. ಅದಕ್ಕೇ ಆ ಚಪ್ಪಡಿಯ ಸಂದಿಗೆ ನಾನು ಇನ್ನೂ ಸಿಮೆಂಟ್ ಹಾಕಿಸಿಲ್ಲ.

ಇತಿ,
ಎಣ್ಮಕಜೆಯ ಒಬ್ಬ ಅಡಿಕೆ ಕೃಷಿಕ