ಮಗಳಿಗೊಂದು ಪತ್ರ: ಮಾತ್ರೆಯ ಲೆಕ್ಕ ಇಡು

ತೀರ್ಥಹಳ್ಳಿ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಮನಸ್ಸಿನಿಂದ ಹೋಗುತ್ತಿಲ್ಲ. ಮೈಗ್ರೇನ್ ತಲೆನೋವು ತಡೆಯಲಾಗದೆ ಆಫೀಸಿನ ಬಾತ್‌ರೂಮಿನಲ್ಲಿ ವಾಂತಿ ಮಾಡಿಕೊಂಡು, ಮುಖ ತೊಳೆದು, ಏನೂ ಆಗದವಳ ಹಾಗೆ ಮೀಟಿಂಗಿಗೆ ಹೋಗಿ ಕೂತೆ ಅಂದೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವಳು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದಾಗ ನೀನು ಇನ್ನೂ ಸಣ್ಣವಳು. ಅಡಿಕೆ ಕೊಯ್ಲಿನ ಸಮಯ, ಅಡ್ವಾನ್ಸ್ ತಗೊಳ್ಳುವವರ ಸಾಲು ಬಾಗಿಲು ದಾಟಿತ್ತು. ಇದ್ದಕ್ಕಿದ್ದ ಹಾಗೆ ಲೆಡ್ಜರಿನಲ್ಲಿ ತೂತು ಬಿದ್ದಂತಾಯಿತು. 4,850 ಅಂತ ಬರೆದರೆ ನಡುವಿನ 8 ಕಾಣಿಸುತ್ತಿಲ್ಲ. ಆಮೇಲೆ ಗರಗಸದ ಹಲ್ಲಿನಂಥ ಗೆರೆಯೊಂದು ಮಿಣಮಿಣ ಹೊಳೆಯುತ್ತಾ ಕಣ್ಣಂಚಿಗೆ ಸರಿಯಿತು. ಅರ್ಧ ಗಂಟೆಯಲ್ಲಿ ಅದು ಹೋಗಿ ಎಡಗಡೆ ತಲೆ ಸಿಡಿಯತೊಡಗಿತು. ಮನೆಗೆ ಬಂದರೆ ಅಂಗಳದಲ್ಲಿ ಅಡಿಕೆ ಬೇಯಿಸುತ್ತಿದ್ದರು. ಆ ಚೊಗರಿನ ವಾಸನೆಯಲ್ಲೇ ಬೆಳೆದವಳು ನಾನು, ಅವತ್ತು ಅದನ್ನು ತಡೆಯಲಾಗದೆ ಕತ್ತಲೆ ಕೋಣೆ ಸೇರಿದೆ. ನಿನ್ನ ಅಜ್ಜಿ ಶುಂಠಿ ತೇಯ್ದು ಹಣೆಗೆ ಹಚ್ಚಿದರು.

ರಜೆ ಕೇಳಿದ್ದಕ್ಕೆ ಮೇಲಿನವರು "ತಲೆನೋವಿಗೂ ರಜೆನಾ?" ಅಂದರು. ಆಮೇಲೆ ಕೇಳಲೇ ಇಲ್ಲ, ಪರ್ಸಿನಲ್ಲಿ ಮಾತ್ರೆ ಇಟ್ಟುಕೊಂಡೆ. ಮೊದಲು ವಾರಕ್ಕೊಂದು, ಆಮೇಲೆ ದಿನ ಬಿಟ್ಟು ದಿನ, ಕೊನೆಗೆ ನೋವು ಬರುತ್ತದೇನೋ ಅನ್ನೋ ಹೆದರಿಕೆಗೇ ದಿನವೂ. ಬೆಳಿಗ್ಗೆ ಏಳುವಾಗಲೇ ತಲೆ ಭಾರ.

ಶಿವಮೊಗ್ಗದ ಡಾಕ್ಟರು ಮೊದಲು ಕೇಳಿದ್ದು, "ತಿಂಗಳಿಗೆ ಎಷ್ಟು ದಿನ ಮಾತ್ರೆ ತಗೋತೀರಮ್ಮ?" ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾಮೂಲಿ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಮೈಗ್ರೇನಿಗೆಂದೇ ಕೊಡುವ ಟ್ರಿಪ್ಟಾನ್ ಆದರೆ 10 ದಿನ, ಅಥವಾ ಅದಕ್ಕಿಂತ ಜಾಸ್ತಿ, ಹೀಗೇ ಮೂರು ತಿಂಗಳು ದಾಟಿದರೆ ಆ ಮಾತ್ರೆಯೇ ತಲೆನೋವು ತರುತ್ತದಂತೆ. ಅವರು ಹೇಳಿದ ಹಾಗೆ ಬಿಟ್ಟೆ. ಮೊದಲ ಹತ್ತು ದಿನ ನೋವು ಇನ್ನೂ ಜಾಸ್ತಿಯಾಯಿತು. ನೋವು ಬಾರದಂತೆ ತಡೆಯುವ ಬೇರೆ ಮಾತ್ರೆ ರಾತ್ರಿ ಹೊತ್ತು ಕೊಟ್ಟರು. ನಿಧಾನಕ್ಕೆ ದಿನಗಳು ನನ್ನ ಕೈಗೆ ಬಂದವು.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೋವಿಗೆ ಕೆಂಪು ಗೀಟು, ಮಾತ್ರೆಗೆ ನೀಲಿ ಚುಕ್ಕಿ ಹಾಕುತ್ತಿದ್ದೆ. ಮೂರು ತಿಂಗಳಲ್ಲಿ ಕಂಡಿತು: ಮುಟ್ಟಿನ ಹಿಂದಿನ ಎರಡು ದಿನ, ಮತ್ತೆ ಬಸ್ಸು ತಪ್ಪುತ್ತದೆಂದು ತಿಂಡಿ ಬಿಟ್ಟ ದಿನಗಳು. ನೀನೂ ಬೆಳಿಗ್ಗೆ ಬರೀ ಕಾಫಿ ಕುಡಿದು ಓಡುತ್ತೀಯ, ಅಲ್ವಾ? ಎರಡು ಇಡ್ಲಿ ತಿನ್ನು. ಭಾನುವಾರ ಹನ್ನೊಂದರವರೆಗೆ ಮಲಗಬೇಡ, ನಿದ್ದೆಯ ಹೊತ್ತು ಏರುಪೇರಾದರೂ ಇದು ಬರುತ್ತದೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ನೋವು ಶುರುವಾದ ಕೂಡಲೇ ತಗೋ. ಮೀಟಿಂಗ್ ಮುಗಿಯಲಿ ಅಂತ ಕಾಯಬೇಡ. ಯಾವತ್ತಾದರೂ ನೋವು ಹಿಂದೆಂದೂ ಇಲ್ಲದಷ್ಟು ಜೋರಾಗಿ ಒಮ್ಮೆಲೇ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ತಕ್ಷಣ ಆಸ್ಪತ್ರೆಗೆ ಹೋಗು.

ಇನ್ನೊಂದು ಮಾತು. ನಿನ್ನ ಮ್ಯಾನೇಜರಿಗೆ ಹೇಳು. ನೋವಿಲ್ಲದ ದಿನ, ನೆಟ್ಟಗೆ ಕೂತು ಹೇಳು: "ನನಗೆ ಮೈಗ್ರೇನ್ ಇದೆ. ಬಂದರೆ ನಾಲ್ಕು ಗಂಟೆಯೂ ಇರಬಹುದು, ಮೂರು ದಿನವೂ ಇರಬಹುದು. ಬಂದ ದಿನ ಮನೆಯಿಂದ ಕೆಲಸ ಮಾಡುತ್ತೇನೆ, ಆಗದಿದ್ದರೆ ರಜೆ ಹಾಕುತ್ತೇನೆ." ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯದ ಜಾಗ ಕೇಳು. ನಾನು ಒಬ್ಬರ ಮಾತಿಗೆ ಬಾಯಿ ಮುಚ್ಚಿಕೊಂಡು ಅಷ್ಟು ವರ್ಷ ಕಳೆದೆ. ನೀನು ಹಾಗೆ ಮಾಡಬೇಡ ಮಗಳೇ.

ಮಿಡಿ ಉಪ್ಪಿನಕಾಯಿ ಜೊತೆ ಒಂದು ಕ್ಯಾಲೆಂಡರ್, ಕೆಂಪು ನೀಲಿ ಪೆನ್ನು ರಾತ್ರಿ ಬಸ್ಸಿಗೆ ಕಳಿಸಿದ್ದೇನೆ. ಮೊನ್ನೆಯ ಗೀಟು ಹಾಕಿಯೇ ಕಳಿಸಿದ್ದೇನೆ. ಚುಕ್ಕಿ ಎಷ್ಟು ಅಂತ ನೀನೇ ಇಡು.

ನಿನ್ನ ಅಮ್ಮ