ಅನಿಮೋನ್ ತರುವ ಮೊದಲು ನೀರು ನೋಡಿ

ಮಾನ್ಯರೇ,

ಉಪ್ಪುನೀರಿನ ಅಕ್ವೇರಿಯಂ ಈಗ ದಾವಣಗೆರೆಯ ಮನೆಗಳಿಗೂ ಬಂದಿದೆ. ಟ್ಯಾಂಕ್ ತುಂಬಿಸಿ ತಿಂಗಳಾಗುವುದರೊಳಗೆ ಒಂದು ಜೋಡಿ ಕ್ಲೌನ್ ಮೀನು, ಅದರ ಬೆನ್ನಿಗೇ ಒಂದು ಸೀ ಅನಿಮೋನ್ (ಕ್ಲೌನ್ ಮೀನು ಆಶ್ರಯಿಸುವ, ಹೂವಿನಂತೆ ಕಾಣುವ ಮೆತ್ತನೆಯ ಕಡಲ ಪ್ರಾಣಿ) ತರುವವರು ಬಹಳ. ಎರಡು ವಾರದಲ್ಲಿ ಅದು ಕರಗಿ ಲೋಳೆಯಾದಾಗ ‘ನಮ್ಮೂರಿನ ಹವೆಗೆ ಅದು ಒಗ್ಗಲ್ಲ’ ಅನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ನಿಸರ್ಗಶಾಸ್ತ್ರಜ್ಞ ಸರ್ ಜಾನ್ ಡಾಲಿಯೆಲ್ 1828ರಲ್ಲಿ ಕಡಲ ದಂಡೆಯಿಂದ ತಂದ ಅನಿಮೋನ್ ಒಂದು 1887ರವರೆಗೆ ಗಾಜಿನ ಜಾಡಿಯಲ್ಲೇ ಬದುಕಿತ್ತು. ಅದು ತಣ್ಣನೆಯ ಕಡಲಿನ ಬೇರೆ ಜಾತಿ, ನಿಜ. ಆದರೂ ಇವು ಎಷ್ಟು ಗಟ್ಟಿ ಜೀವ ಎಂಬುದಕ್ಕೆ ಇಷ್ಟು ಸಾಕು. ಇಲ್ಲಿ ಅವು ಸಾಯುತ್ತಿರುವುದು ಹವೆಯಿಂದಲ್ಲ, ನೀರಿನಿಂದ ಮತ್ತು ನಮ್ಮ ಅವಸರದಿಂದ.

ನೀರಿನಲ್ಲಿ ಮೊದಲು ನೋಡಬೇಕಾದ್ದು ತಾಮ್ರ. ತಾಮ್ರದ ಬಿಂದಿಗೆಯ ನೀರು ನಮಗೆ ಒಳ್ಳೆಯದೆಂದು ಮನೆಮನೆಯಲ್ಲೂ ನಂಬಿಕೆ. ಅದನ್ನೇ ಹಿಡಿದು ಈಗ ಆರ್‌ಒ ಯಂತ್ರಗಳಲ್ಲೂ ‘ಕಾಪರ್’ ಸೌಲಭ್ಯ ಬಂದಿದೆ. ಬೆನ್ನೆಲುಬಿಲ್ಲದ ಕಡಲ ಜೀವಿಗಳಿಗೆ ಅದೇ ತಾಮ್ರ, ಅತಿ ಕಡಿಮೆ ಪ್ರಮಾಣದಲ್ಲೂ, ವಿಷ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಹಾಕುವ ಹಲವು ಔಷಧಗಳಲ್ಲೂ ತಾಮ್ರ ಇರುತ್ತದೆ. ಒಮ್ಮೆ ಹಾಕಿದರೆ ಕಲ್ಲು, ಮರಳು ಅದನ್ನು ಹೀರಿಕೊಂಡು ತಿಂಗಳುಗಟ್ಟಲೆ ಮೆಲ್ಲಗೆ ಬಿಡುತ್ತಿರುತ್ತವೆ. ಹಾಗಾಗಿ ಹಳೇ ಟ್ಯಾಂಕ್ ಕೊಳ್ಳುವವರು ಅದರಲ್ಲಿ ಯಾವ ಔಷಧ ಹಾಕಿದ್ದರು ಎಂದು ಕೇಳಿಯೇ ಕೊಳ್ಳಬೇಕು. ಮನೆಯ ಆರ್‌ಒ ಯಂತ್ರಗಳಲ್ಲಿ ರುಚಿಗೆಂದು ಸ್ವಲ್ಪ ಕಚ್ಚಾ ನೀರು ಬೆರೆಸುವ ವಾಲ್ವ್ ಕೂಡ ಇರುತ್ತದೆ. ಬೋರ್‌ವೆಲ್ಲಿನ ನೈಟ್ರೇಟು, ಗಡಸುತನ ಆ ದಾರಿಯಲ್ಲೇ ಒಳಗೆ ಬರುತ್ತವೆ. ಆರ್‌ಒ ಆದ ಮೇಲೆ ನೀರು ಉಳಿದ ಲವಣ ಹೀರುವ ಡಿಐ ರಾಳದ ಕೊಳವೆಯನ್ನೂ ದಾಟಿ ಬರಬೇಕು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಇದರಲ್ಲಿ ರಾಜಿ ಬೇಡ.

ಆ ನೀರಿಗೆ ಲೀಟರಿಗೆ ಸುಮಾರು 36 ಗ್ರಾಂನಂತೆ ಅಕ್ವೇರಿಯಂಗೆಂದೇ ತಯಾರಿಸಿದ ಸಮುದ್ರ ಉಪ್ಪು (ಅಡುಗೆ ಉಪ್ಪಲ್ಲ) ಹಾಕಿ, ಪಂಪಿನಿಂದ ಒಂದು ದಿನ ಕಲಕಬೇಕು. ಸಾಪೇಕ್ಷ ಸಾಂದ್ರತೆ (ಉಪ್ಪಿನಂಶದ ಅಳತೆ) 1.025ರಿಂದ 1.026, ಉಷ್ಣಾಂಶ 25ರಿಂದ 26 ಡಿಗ್ರಿ, ಪಿಎಚ್ 8.1ರಿಂದ 8.4, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ 10 ಪಿಪಿಎಂ ಒಳಗೆ. ಉಪ್ಪಿನಂಶದ ಅಳತೆಗೆ ರಿಫ್ರ್ಯಾಕ್ಟೋಮೀಟರ್ ಎಂಬ ಉಪಕರಣ ಬಳಸಿ, ಅದನ್ನು 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣದಲ್ಲಿ ಸರಿಹೊಂದಿಸಿಕೊಳ್ಳಿ. ಈ ಅಂಕಿಗಳು ಒಂದು ದಿನ ಸರಿಯಿದ್ದರೆ ಸಾಲದು, ಅಲುಗದೆ ನಿಲ್ಲಬೇಕು. ಹೊಸ ಟ್ಯಾಂಕಿನಲ್ಲಿ ಅವು ನಿಲ್ಲುವುದಿಲ್ಲ. ಆರು ತಿಂಗಳಾದರೂ ಕಾಯಿರಿ ಎನ್ನುವುದು ಇದಕ್ಕೇ. ವರ್ಷ ಕಾದರೆ ಇನ್ನೂ ಒಳ್ಳೆಯದು.

ತರುವ ಕಾಲವೂ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲಿಗೆ ಟ್ಯಾಂಕಿನ ನೀರು 30 ಡಿಗ್ರಿ ದಾಟುವುದು ಸುಲಭ. ಅನಿಮೋನಿನ ಮೈಯೊಳಗೆ ಸೂಕ್ಷ್ಮ ಪಾಚಿಗಳಿವೆ; ಅವು ಬೆಳಕಿನಲ್ಲಿ ತಯಾರಿಸುವ ಆಹಾರವೇ ಅದರ ಮುಖ್ಯ ಊಟ. ನೀರು ಕಾದರೆ ಆ ಪಾಚಿಯನ್ನೇ ಹೊರಹಾಕಿ ಬೆಳ್ಳಗಾಗುತ್ತದೆ, ಹಸಿವಿನಲ್ಲಿ ಸೊರಗುತ್ತದೆ. ನಮ್ಮ ಒಣ ಬೇಸಿಗೆಯಲ್ಲಿ ನೀರಿನ ಮೇಲೆ ಬೀಸುವ ಸಣ್ಣ ಫ್ಯಾನ್ 2–3 ಡಿಗ್ರಿ ಇಳಿಸಬಲ್ಲದು. ಆವಿಯಾಗಿ ಹೋದದ್ದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದಿರುತ್ತದೆ. ತುಂಬಿಸಬೇಕಾದ್ದು ಉಪ್ಪು ಬೆರೆಸದ ಅದೇ ಶುದ್ಧ ನೀರು. ಫ್ಯಾನಿಗೂ ಬಿಸಿ ಬಗ್ಗದಿದ್ದರೆ ನೀರು ತಂಪಾಗಿಸುವ ಚಿಲ್ಲರ್ ಬೇಕೇ ಬೇಕು. ಕರೆಂಟ್ ಹೋದಾಗ ನೀರು ಅಲುಗಾಡುತ್ತಿರಲು ಒಂದು ಪಂಪಾದರೂ ಇನ್ವರ್ಟರ್ ಮೇಲಿರಲಿ. ಹೊಸದನ್ನು ಅಕ್ಟೋಬರಿನಿಂದ ಫೆಬ್ರುವರಿಯೊಳಗೆ ತಂದರೆ ಅರ್ಧ ಗೆದ್ದಂತೆ.

ಮೊದಲ ಬಾರಿ ಸಾಕುವವರಿಗೆ ಬಬಲ್ ಟಿಪ್ ಜಾತಿಯೇ ಸರಿ. ಟ್ಯಾಂಕಿನಲ್ಲೇ ಇಬ್ಭಾಗವಾಗಿ ಹುಟ್ಟಿದ ಮರಿ ಸಿಕ್ಕರೆ ಅದನ್ನೇ ಆರಿಸಿ, ಗಾಜಿನೊಳಗಿನ ಬಾಳು ಅದಕ್ಕೆ ಆಗಲೇ ಒಗ್ಗಿರುತ್ತದೆ. ಬಾಯಿ ಬಿಗಿಯಾಗಿ ಮುಚ್ಚಿರಬೇಕು, ಕಲ್ಲಿಗೆ ಅಂಟುವ ಪಾದ ಹರಿದಿರಬಾರದು, ಬಾಯಿಯ ಸುತ್ತಲಿನ ಬೆರಳುಗಳು ತಾಗಿದರೆ ಅಂಟಬೇಕು. ಅಚ್ಚ ಬಿಳಿ ಇಲ್ಲವೇ ಕಣ್ಣು ಕುಕ್ಕುವ ಹಳದಿ ಇದ್ದರೆ ಬಿಟ್ಟುಬಿಡಿ. ಬಿಳಿಯದು ಪಾಚಿ ಕಳೆದುಕೊಂಡದ್ದು. ಹಳದಿಗೆ ಬಣ್ಣ ಹಾಕಿರಬಹುದು.

ಮನೆಗೆ ಬಂದ ಚೀಲವನ್ನು ಬಿಚ್ಚದೆ 20 ನಿಮಿಷ ಟ್ಯಾಂಕಿನಲ್ಲಿ ತೇಲಿಬಿಟ್ಟು ಬಿಸಿ ಸಮ ಮಾಡಿ. ಊರಿನ ಅಂಗಡಿಯಿಂದ ಬಂದದ್ದಾದರೆ ಸಣ್ಣ ಕೊಳವೆಯಿಂದ ಸೆಕೆಂಡಿಗೆ ಮೂರು ಹನಿಯಂತೆ ಟ್ಯಾಂಕಿನ ನೀರು ಬಿಡಿ. ಒಂದು ಗಂಟೆಯಲ್ಲಿ ಸುಮಾರು ಅರ್ಧ ಲೀಟರ್ ಸೇರುತ್ತದೆ. ರಾತ್ರಿಯಿಡೀ ಪಾರ್ಸೆಲ್‌ನಲ್ಲಿ ಬಂದದ್ದಕ್ಕೆ ಈ ಕ್ರಮ ಬೇಡ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಆದ್ದರಿಂದ ಅಮೋನಿಯಾ ಅಷ್ಟಾಗಿ ಕಾಡದ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಆ ಅನಿಲ ಹೊರಟು ಪಿಎಚ್ ಏರುತ್ತದೆ, ಅಮೋನಿಯಾ ವಿಷವಾಗುತ್ತದೆ. ಬಿಚ್ಚಿದೊಡನೆ ಉಪ್ಪಿನಂಶ ಅಳೆಯಿರಿ. ಚೀಲಕ್ಕೂ ಟ್ಯಾಂಕಿಗೂ ಸಾಪೇಕ್ಷ ಸಾಂದ್ರತೆಯ ವ್ಯತ್ಯಾಸ 0.001ರ ಆಸುಪಾಸು ಇದ್ದರೆ ನೇರವಾಗಿ ಟ್ಯಾಂಕಿಗೆ ಬಿಡಿ. ಹೆಚ್ಚಿದ್ದರೆ ಚೀಲದಷ್ಟೇ ಉಪ್ಪಿನ ಶುದ್ಧ ನೀರಿನ ಬಕೆಟ್ಟಿಗೆ ಹಾಕಿ, ಅಲ್ಲಿ ಹನಿ ಬಿಡಿ. ಚೀಲದ ನೀರನ್ನು ಟ್ಯಾಂಕಿಗೆ ಸುರಿಯಬೇಡಿ.

ಅಲೆ ಎಬ್ಬಿಸುವ ಪಂಪಾದ ವೇವ್‌ಮೇಕರಿಗೆ, ನೀರು ಹೊರಹೋಗುವ ಓವರ್‌ಫ್ಲೋ ಸೀಳುಗಳಿಗೆ ಮೊದಲೇ ಸ್ಪಾಂಜು ಅಥವಾ ಜಾಲರಿ ಕಟ್ಟಿರಬೇಕು. ಹೊಸ ಅನಿಮೋನ್ ಜಾಗ ಹುಡುಕಿ ನಡೆಯುತ್ತದೆ, ಅದೂ ಹೆಚ್ಚಾಗಿ ರಾತ್ರಿ. ತೆರೆದ ಪಂಪಿಗೆ ಸಿಕ್ಕರೆ ಚೂರುಚೂರಾಗಿ ಇಡೀ ಟ್ಯಾಂಕನ್ನೇ ಕೆಡಿಸುತ್ತದೆ. ಬಿಡುವಾಗ ಪಂಪ್ ನಿಲ್ಲಿಸಿ, ಕಲ್ಲಿನ ಸಂದಿಗೆ ಪಾದ ತಾಗುವಂತೆ ಇಟ್ಟು, ಹಿಡಿದುಕೊಳ್ಳುವವರೆಗೆ ಅರ್ಧ ಗಂಟೆ ಹಾಗೇ ಬಿಡಿ. (ಆ ಕಲ್ಲು ನಮ್ಮ ಕಡಲಿನ ಹವಳದ್ದಾಗಿರಬಾರದು, ಬಂಡೆ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಸೆರಾಮಿಕ್ ಕಲ್ಲು ಸಾಕು.)

ಆಮೇಲೆ ಕೈ ಹಾಕಬೇಡಿ. ಅದು ನಡೆದು ಹಿಂದಿನ ಗಾಜಿಗೆ ಅಂಟಿದರೂ ಎಳೆಯಬೇಡಿ; ಪಾದ ಹರಿದರೆ ಉಳಿಯುವುದು ಕಷ್ಟ. ಮೊದಲ ದಿನಗಳಲ್ಲಿ ಒಣದ್ರಾಕ್ಷಿಯಂತೆ ಸುರುಟಿ, ಬಾಯಿಂದ ಕಂದು ನೂಲಿನಂಥ ಕಸ ಉಗುಳಿ, ಕೆಲವೇ ಗಂಟೆಗಳಲ್ಲಿ ಮತ್ತೆ ಅರಳುವುದು ಸಹಜ. ಬೆಳಕನ್ನು ಅರ್ಧಕ್ಕಿಳಿಸಿ ಎರಡು ವಾರದಲ್ಲಿ ಮೆಲ್ಲಗೆ ಏರಿಸಿ. ಒಂದು ವಾರ ಏನೂ ತಿನ್ನಿಸಬೇಡಿ. ನಂತರ ವಾರಕ್ಕೊಮ್ಮೆ ಮಂಡಕ್ಕಿ ಕಾಳಿನಷ್ಟು ಸಿಗಡಿ ಚೂರು ಸಾಕು, ದೊಡ್ಡದನ್ನು ಮರುದಿನ ಉಗುಳುತ್ತದೆ. ಕ್ಲೌನ್ ಮೀನನ್ನು ಅದು ಊರಿ ನಿಂತ ಕೆಲವು ವಾರಗಳ ಮೇಲೆ ಬಿಡಿ. ಬಾಯಿ ಬಿರಿದು ಒಳಗಿನ ಎಳೆಗಳು ಹೊರಬಂದು ದಿನವಿಡೀ ಹಾಗೇ ಇದ್ದರೆ, ಕೊಳೆತ ವಾಸನೆಯಿದ್ದರೆ, ತಕ್ಷಣ ತೆಗೆದು ಕಾಲುಭಾಗ ನೀರು ಬದಲಿಸಿ, ನೀರು ಶೋಧಿಸುವ ಹೊಸ ಇದ್ದಿಲು (ಆಕ್ಟಿವೇಟೆಡ್ ಕಾರ್ಬನ್) ಹಾಕಿ.

ಊರಿನ ಅಕ್ವೇರಿಯಂ ಅಂಗಡಿಯವರಲ್ಲಿ ಒಂದು ಕೋರಿಕೆ: ಅನಿಮೋನ್ ಕೇಳಿ ಬಂದವರಿಗೆ ‘ನಿಮ್ಮ ಟ್ಯಾಂಕಿಗೆ ಎಷ್ಟು ತಿಂಗಳಾಯ್ತು, ನೀರು ಎಲ್ಲಿಯದು’ ಎಂಬ ಎರಡು ಪ್ರಶ್ನೆ ಕೇಳಿ. ಉತ್ತರ ಸರಿಯಿಲ್ಲದಿದ್ದರೆ ಆ ದಿನ ಮಾರಬೇಡಿ.

– ಉಪ್ಪುನೀರಿನ ಅಕ್ವೇರಿಯಂ ಆಸಕ್ತರು, ದಾವಣಗೆರೆ