ಅಭಿಮಾನಕ್ಕೆ ಪಾತ್ರವೇ ಅಳತೆಯಾಗಲಿ

ಮಾನ್ಯ ಸಂಪಾದಕರೇ,

ವಿದೇಶಿ ಧಾರಾವಾಹಿಗಳ ಗೀಳಿನ ಬಗ್ಗೆ ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಕೊರಿಯಾ, ಚೀನಾಗಳ ನಟರನ್ನು ಮೆಚ್ಚುವ ನಮ್ಮ ಕಡೆಯ ಹುಡುಗ ಹುಡುಗಿಯರೆಲ್ಲ ಬರೀ ರೂಪಕ್ಕೆ ಮರುಳಾದವರು, ಅಭಿನಯದ ಗಂಧಗಾಳಿ ಇಲ್ಲದವರು ಎಂಬ ಧಾಟಿಯಲ್ಲಿ ಆ ಬರಹ ಸಾಗುತ್ತದೆ. ದಾವಣಗೆರೆಯ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನಾನು ಚೀನಾದ ನಟ ಹು ಗೆ ಅವರ ಅಭಿನಯವನ್ನು ಮೆಚ್ಚುವ ಒಂದು ಸಣ್ಣ ಬಳಗದಲ್ಲಿದ್ದೇನೆ. ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು, ಎಂಜಿನಿಯರಿಂಗ್ ಓದುವ ಮಕ್ಕಳು, ಆಸ್ಪತ್ರೆಯ ನರ್ಸ್ ಒಬ್ಬರು, ಬಟ್ಟೆ ಅಂಗಡಿ ನಡೆಸುವ ಒಬ್ಬ ಗೆಳೆಯರು ಇದರಲ್ಲಿದ್ದಾರೆ. ನಾವು ಕಟೌಟ್ ನಿಲ್ಲಿಸಿದವರಲ್ಲ, ಯಾರಿಗೂ ಜೈಕಾರ ಹಾಕಿದವರೂ ಅಲ್ಲ. ಒಂದು ಪಾತ್ರವನ್ನು ನೋಡಿ, ಅದನ್ನು ನಟ ಹೇಗೆ ಕಟ್ಟಿದ್ದಾನೆ ಎಂದು ಗಂಟೆಗಟ್ಟಲೆ ಮಾತಾಡುತ್ತೇವೆ. ಇಂಥ ಮಾತುಕತೆಗೂ ಗೀಳಿಗೂ ಇರುವ ವ್ಯತ್ಯಾಸವನ್ನು ತಮ್ಮ ಲೇಖಕರು ಗಮನಿಸಿಲ್ಲವೆಂಬ ಕಾರಣಕ್ಕೆ ಈ ಪತ್ರ.

ಹು ಗೆ 1982ರಲ್ಲಿ ಶಾಂಘೈಯಲ್ಲಿ ಹುಟ್ಟಿದವರು, ಅದೇ ನಗರದ ನಾಟಕ ಅಕಾಡೆಮಿಯಲ್ಲಿ ಕಲಿತವರು. 2005ರಲ್ಲಿ ಬಂದ ಒಂದು ಕಾಲ್ಪನಿಕ ಧಾರಾವಾಹಿಯಿಂದ ಇಪ್ಪತ್ತರ ಹರೆಯದಲ್ಲೇ ಮನೆಮಾತಾದರು. ಮರುವರ್ಷದ ಆಗಸ್ಟ್‌ನಲ್ಲಿ ಹೆದ್ದಾರಿಯಲ್ಲಿ ನಡೆದ ಕಾರು ಅಪಘಾತದಲ್ಲಿ ಅವರ ಸಹಾಯಕಿ ತೀರಿಕೊಂಡರು, ಅವರ ಮುಖಕ್ಕೆ ಮತ್ತು ಬಲಗಣ್ಣಿನ ಭಾಗಕ್ಕೆ ತೀವ್ರ ಪೆಟ್ಟಾಯಿತು. ಹಲವು ಶಸ್ತ್ರಚಿಕಿತ್ಸೆಗಳ ನಂತರ 2007ರಲ್ಲಿ ಮತ್ತೆ ಕ್ಯಾಮೆರಾ ಮುಂದೆ ನಿಂತು, ಅರ್ಧಕ್ಕೆ ನಿಂತಿದ್ದ ಕೆಲಸವನ್ನು ಮುಗಿಸಿಕೊಟ್ಟರು.

ಅವರ ಹೆಸರನ್ನು ಚೀನಾದ ಹೊರಗೂ ಒಯ್ದದ್ದು 2015ರ 'ನಿರ್ವಾಣ ಇನ್ ಫೈರ್' ಎಂಬ 54 ಕಂತುಗಳ ಧಾರಾವಾಹಿ. ಸುಳ್ಳು ರಾಜದ್ರೋಹದ ಆರೋಪ ಹೊತ್ತು 70 ಸಾವಿರ ಸೈನಿಕರ ಪಡೆಯೊಂದು ನಾಶವಾಗುತ್ತದೆ. ಬದುಕುಳಿದ ಯುವ ಸೇನಾನಿ ಲಿನ್ ಶು ವಿಷದ ದೆಸೆಯಿಂದ ಮುಖಚಹರೆಯನ್ನೂ ಮೈಯ ಕಸುವನ್ನೂ ಕಳೆದುಕೊಂಡು, 12 ವರ್ಷಗಳ ಬಳಿಕ ಮೇ ಛಾಂಗ್‌ಸು ಎಂಬ ರೋಗಿಷ್ಠ ಪಂಡಿತನಾಗಿ ರಾಜಧಾನಿಗೆ ಮರಳುತ್ತಾನೆ. ಸತ್ತವರ ಮೇಲಿನ ಕಳಂಕವನ್ನು ತೊಳೆಯುವುದು, ಬಾಲ್ಯದ ಗೆಳೆಯನಾದ ರಾಜಕುಮಾರ ಜಿಂಗ್‌ನನ್ನು ಸಿಂಹಾಸನದವರೆಗೆ ತಲುಪಿಸುವುದು ಅವನ ಗುರಿ. ತಾನು ಯಾರೆಂಬುದನ್ನು ಆ ಗೆಳೆಯನಿಗೇ ಹೇಳುವಂತಿಲ್ಲ.

ಇದರಲ್ಲಿ ಒಂದು ಸಣ್ಣ ದೃಶ್ಯವಿದೆ. ರಾಜಕುಮಾರನ ಮನೆಯಲ್ಲಿ ಲಿನ್ ಶುವಿನ ಹಳೆಯ ಬಿಲ್ಲನ್ನು ಜೋಪಾನವಾಗಿ ಇಟ್ಟಿರುತ್ತಾರೆ. ಅದನ್ನು ಕಂಡ ಮೇ ಛಾಂಗ್‌ಸುವಿನ ಕೈ ತನಗರಿವಿಲ್ಲದಂತೆ ಅದರತ್ತ ಚಾಚುತ್ತದೆ. ಮುಟ್ಟಬೇಡಿ ಎಂದು ರಾಜಕುಮಾರ ತಡೆಯುತ್ತಾನೆ. ಅದು ತೀರಿಹೋದ ಗೆಳೆಯನದು, ಪರಕೀಯರು ತನ್ನ ವಸ್ತು ಮುಟ್ಟುವುದು ಅವನಿಗೆ ಸೇರುತ್ತಿರಲಿಲ್ಲ ಎನ್ನುತ್ತಾನೆ. ತನ್ನದೇ ಬಿಲ್ಲು, ತನ್ನದೇ ಸ್ವಭಾವದ ನೆನಪು, ತನ್ನನ್ನೇ ಪರಕೀಯನೆಂದು ತಡೆದ ಗೆಳೆಯ. ಹು ಗೆ ಇಲ್ಲಿ ಕಣ್ಣೀರು ಹಾಕುವುದಿಲ್ಲ, ತುಟಿ ನಡುಗಿಸುವುದಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸಭ್ಯತೆಯಿಂದ ಕ್ಷಮೆ ಕೇಳುತ್ತಾರೆ, ಅಷ್ಟೇ. ನೋಡುವವರ ಎದೆ ಭಾರವಾಗುವುದು ಆ ಸಭ್ಯತೆಯಿಂದಲೇ.

ಈ ಒಂದು ದೃಶ್ಯದ ಮೇಲೆ ನಮ್ಮ ಬಳಗದಲ್ಲಿ ಒಂದಿಡೀ ಮಧ್ಯಾಹ್ನ ವಾದ ನಡೆದಿದೆ. ಕೈ ಹಿಂದೆ ಸರಿಯುವ ವೇಗ ಸ್ವಲ್ಪ ಹೆಚ್ಚಾಯಿತು, ಅಷ್ಟು ಬೆಚ್ಚಿದರೆ ರಾಜಕುಮಾರನಿಗೆ ಅನುಮಾನ ಬರಬೇಕಿತ್ತು ಎಂದು ವಿದ್ಯಾರ್ಥಿಯೊಬ್ಬ ಪಟ್ಟು ಹಿಡಿದ. ಅನುಮಾನ ಬರದಿರುವುದೇ ರಾಜಕುಮಾರನ ದುಃಖದ ಆಳವನ್ನು ತೋರಿಸುತ್ತದೆ, ಸತ್ತ ಗೆಳೆಯನನ್ನೇ ಮನಸ್ಸಿನಲ್ಲಿಟ್ಟುಕೊಂಡವನಿಗೆ ಎದುರಿಗೆ ನಿಂತವನು ಕಾಣುವುದಾದರೂ ಹೇಗೆ ಎಂದು ನಿವೃತ್ತ ಮುಖ್ಯೋಪಾಧ್ಯಾಯಿನಿಯವರು ಉತ್ತರಿಸಿದರು. ಆ ಪಾತ್ರ ಮಾಡಿದ ವಾಂಗ್ ಕಾಯ್ ಅವರಿಗೂ ಈ ದೃಶ್ಯದಲ್ಲಿ ಸಮಪಾಲು ಸಲ್ಲಬೇಕು ಎಂಬಲ್ಲಿಗೆ ಮಾತು ಬಂದು ನಿಂತಿತು. ಯೋಚನೆಗೆ ಬಿದ್ದಾಗ ಬಟ್ಟೆಯ ಅಂಚನ್ನು ಬೆರಳುಗಳ ನಡುವೆ ಹೊಸೆಯುವುದು ಲಿನ್ ಶುವಿನ ಹಳೆಯ ಅಭ್ಯಾಸ. ಮುಖ ಬದಲಾದರೂ ಈ ಅಭ್ಯಾಸ ಬಿಟ್ಟಿಲ್ಲ. ಹು ಗೆ ಇದನ್ನು ಎಲ್ಲೆಲ್ಲಿ ತಂದಿದ್ದಾರೆ, ಎಲ್ಲಿ ಬೇಕೆಂದೇ ತಡೆಹಿಡಿದಿದ್ದಾರೆ ಎಂದು ಹುಡುಕಲು ನಮ್ಮ ನರ್ಸ್ ಗೆಳತಿ ರಾತ್ರಿ ಪಾಳಿ ಮುಗಿಸಿ ಬಂದು ಕಂತುಗಳನ್ನು ಮತ್ತೆ ನೋಡಿದ್ದುಂಟು. ಇವರನ್ನು ರೂಪಕ್ಕೆ ಮರುಳಾದವರು ಎಂದು ಕರೆಯುವುದು ಅನ್ಯಾಯ.

ನಾಟ್ಯಶಾಸ್ತ್ರದಲ್ಲಿ ಭರತ ಮುನಿ ಹೇಳುವ 33 ಸಂಚಾರಿ ಭಾವಗಳಲ್ಲಿ, ಅಂದರೆ ಮನಸ್ಸಿನಲ್ಲಿ ಬಂದು ಹೋಗುವ ಭಾವಗಳಲ್ಲಿ, ಅವಹಿತ್ಥವೂ ಒಂದು. ಒಳಗಿನ ಭಾವವನ್ನು ಹೊರಗೆ ತೋರಗೊಡದೆ ಮರೆಸುವುದು ಅದರ ಲಕ್ಷಣ. ತರಗತಿಯಲ್ಲಿ ಇದನ್ನು ವಿವರಿಸುವಾಗ ಮಕ್ಕಳು ಸಾಮಾನ್ಯವಾಗಿ ಬರೆದುಕೊಂಡು ಸುಮ್ಮನಾಗುತ್ತಾರೆ. ಬಿಲ್ಲಿನ ದೃಶ್ಯವನ್ನು ಹೇಳಿದಾಗ ಹಿಂದಿನ ಬೆಂಚಿನವರೂ ತಲೆಯೆತ್ತಿ, ತಾವು ನೋಡಿದ ಕನ್ನಡ ಸಿನಿಮಾಗಳಿಂದ, ಊರ ನಾಟಕಗಳಿಂದ ಉದಾಹರಣೆ ಕೊಡತೊಡಗಿದರು. ದೂರದ ನಟನೊಬ್ಬನನ್ನು ಗಮನವಿಟ್ಟು ನೋಡಿದವರು ಹತ್ತಿರದ ನಟರನ್ನೂ ಹಾಗೆಯೇ ನೋಡಲು ಕಲಿಯುತ್ತಾರೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಪಘಾತದಲ್ಲಿ ಮುಖಕ್ಕೆ ಪೆಟ್ಟಾದದ್ದರಿಂದಲೇ ಮುಖ ಕಳೆದುಕೊಂಡವನ ಪಾತ್ರವನ್ನು ಹು ಗೆ ಅಷ್ಟು ಚೆನ್ನಾಗಿ ಮಾಡಿದರು ಎಂಬ ಮಾತು ಅಭಿಮಾನಿಗಳಲ್ಲಿ ಬಹಳ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ನೋವು ಉಂಡವರೆಲ್ಲ ನಟರಾಗುವುದಿಲ್ಲ. ಉಸಿರು ಸಾಲದವನ ನಡಿಗೆ, ಚಳಿಗೆ ಮುದುಡುವ ಭುಜ, ಸಿಟ್ಟು ಬಂದರೂ ಏರಿಸಲಾಗದ ದನಿ ಇವೆಲ್ಲ ದುಡಿದು ಸಂಪಾದಿಸಿದ ಕಸುಬು. ಅದನ್ನು ವೈಯಕ್ತಿಕ ದುರಂತದ ಲೆಕ್ಕಕ್ಕೆ ಬರೆಯುವುದು ಮೆಚ್ಚುಗೆಯಂತೆ ಕಂಡರೂ ನಟನಿಗೆ ಸಲ್ಲಬೇಕಾದದ್ದನ್ನು ಕಿತ್ತುಕೊಂಡಂತಾಗುತ್ತದೆ. ಈ ಪಾತ್ರಕ್ಕೆ 2016ರಲ್ಲಿ ಶಾಂಘೈ ಟೆಲಿವಿಷನ್ ಉತ್ಸವದ ಮ್ಯಾಗ್ನೋಲಿಯಾ ಪ್ರಶಸ್ತಿ ಅವರಿಗೆ ಬಂತು.

ಅದೇ ಪ್ರಶಸ್ತಿ 2024ರಲ್ಲಿ ಮತ್ತೊಮ್ಮೆ ಬಂದದ್ದು ಹಾಂಗ್‌ಕಾಂಗ್‌ನ ವಾಂಗ್ ಕಾರ್-ವಾಯ್ ನಿರ್ದೇಶಿಸಿದ 'ಬ್ಲಾಸಮ್ಸ್ ಶಾಂಘೈ' ಧಾರಾವಾಹಿಗಾಗಿ. 2023ರ ಡಿಸೆಂಬರ್ ಕೊನೆಯಲ್ಲಿ ಪ್ರಸಾರ ಆರಂಭವಾದ ಈ 30 ಕಂತುಗಳ ಕಥೆಯಲ್ಲಿ ಅವರು ತೊಂಬತ್ತರ ದಶಕದ ಷೇರು ಪೇಟೆಯಲ್ಲಿ ಮೇಲೇರುವ 'ಆ ಬಾವೊ' ಎಂಬ ಹೆಸರಿನ ವ್ಯಾಪಾರಿ. ಇದರ ಒಂದು ಆವೃತ್ತಿ ಶಾಂಘೈ ಆಡುಮಾತಿನಲ್ಲೇ ಇದೆ, ಹು ಗೆ ಅವರಿಗೆ ಅದು ಮನೆಯ ಮಾತು. ನನಗೆ ವೈಯಕ್ತಿಕವಾಗಿ ಇಲ್ಲಿ ಬೆಳಕು, ಗಾಜು, ಹೊಗೆಗಳ ಸೊಗಸು ಹಲವೆಡೆ ನಟನನ್ನು ನುಂಗಿದೆ ಅನಿಸಿತು. ಆದರೆ ಹಿರಿಯ ನಟ ಯೋ ಬೆನ್‌ಛಾಂಗ್ ವ್ಯಾಪಾರದ ಪಟ್ಟುಗಳನ್ನು ಕಲಿಸುವ ಗುರುವಾಗಿ ಎದುರಿಗೆ ಇರುವಾಗ, ಹು ಗೆ ಬರೀ ಕೇಳಿಸಿಕೊಳ್ಳುತ್ತಲೇ ಪಾತ್ರವನ್ನು ಬೆಳೆಸುವುದನ್ನು ನೋಡಬೇಕು. ಎದುರಿನ ನಟನಿಗೆ ಜಾಗ ಬಿಟ್ಟುಕೊಡುವ ನಾಯಕನಟರು ಎಲ್ಲ ಭಾಷೆಗಳಲ್ಲೂ ವಿರಳ.

ಅವರು ರಂಗಭೂಮಿಯನ್ನೂ ಬಿಟ್ಟವರಲ್ಲ. ಸ್ಟ್ಯಾನ್ ಲಾಯ್ ಬರೆದು ನಿರ್ದೇಶಿಸಿದ, ಸುಮಾರು 8 ಗಂಟೆ ನಡೆಯುವ 'ಎ ಡ್ರೀಮ್ ಲೈಕ್ ಎ ಡ್ರೀಮ್' ನಾಟಕದಲ್ಲಿ 2013ರಿಂದ ಐದನೆಯ ರೋಗಿಯ ಪಾತ್ರ ಮಾಡಿದರು. ನಡುವೆ ಕುಳಿತ ಪ್ರೇಕ್ಷಕರ ಸುತ್ತಲೂ ರಂಗ ಹಬ್ಬಿಕೊಂಡು ನಾಟಕ ನಡೆಯುತ್ತದೆ. 2021ರಲ್ಲಿ ಇದೇ ಪಾತ್ರವನ್ನು ಅವರಿಗಿಂತ ಕಿರಿಯ ತಾರೆ ಶಿಯಾವ್ ಜಾನ್ ವಹಿಸಿದರು. ಒಂದೇ ಪಾತ್ರ, ಇಬ್ಬರು ನಟರು. ದಾವಣಗೆರೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವೃತ್ತಿ ನಾಟಕ ಕಂಪನಿಗಳು ತಿಂಗಳುಗಟ್ಟಲೆ ಕ್ಯಾಂಪ್ ಮಾಡುತ್ತಿದ್ದ ಊರು ನಮ್ಮದು, ಪದ್ಮಶ್ರೀ ಚಿಂದೋಡಿ ಲೀಲಾ ಅವರ ಊರು. ಈ ಪಾತ್ರವನ್ನು ಇಂಥವರು ಹೀಗೆ ಮಾಡಿದರು, ಮುಂದಿನ ಕ್ಯಾಂಪಿನಲ್ಲಿ ಬಂದವರು ಹಾಗೆ ಮಾಡಿದರು ಎಂದು ತೂಗಿ ನೋಡುವ ಹಿರಿಯರು ಇಲ್ಲಿನ ಓಣಿಗಳಲ್ಲಿ ಇನ್ನೂ ಇದ್ದಾರೆ. ನಮ್ಮ ಬಳಗದ ಹುಡುಗರು ಮೊಬೈಲ್ ಹಿಡಿದು ಮಾಡುತ್ತಿರುವುದು ಇದನ್ನೇ.

ಇನ್ನು ಚೀನಾದ ಅಭಿಮಾನಿ ಸಂಸ್ಕೃತಿಯ ಕೆಟ್ಟ ಮುಖ. ತಮ್ಮ ಲೇಖಕರು ಅದನ್ನು ಎತ್ತಿದ್ದು ಸರಿಯೇ, ಆದರೆ ಅದರ ಬೇರು ಎಲ್ಲಿದೆ ಎಂದು ಹೇಳಲಿಲ್ಲ. ಅಲ್ಲಿ ದೊಡ್ಡ ತಾರೆಯ ಅಭಿಮಾನಿ ಎಂದರೆ ದಿನವೂ ಮತ ಹಾಕುವವನು, ಹೆಸರನ್ನು ಟ್ರೆಂಡಿಂಗ್‌ನಲ್ಲಿ ಉಳಿಸುವವನು, ತಾರೆ ಜಾಹೀರಾತು ಕೊಟ್ಟ ಸರಕನ್ನು ಕೊಳ್ಳುವವನು ಎಂದಾಗಿಬಿಟ್ಟಿತು. 2020ರ ಫೆಬ್ರುವರಿಯಲ್ಲಿ ಶಿಯಾವ್ ಜಾನ್ ಅವರನ್ನು ಕುರಿತು ಬರೆದ ಒಂದು ಕಾಲ್ಪನಿಕ ಕಥೆಯಿಂದ ಸಿಟ್ಟಿಗೆದ್ದ ಅವರ ಕೆಲವು ಅಭಿಮಾನಿಗಳು ಸರ್ಕಾರಕ್ಕೆ ದೂರು ಕೊಟ್ಟರು. ಆ ತಿಂಗಳ ಕೊನೆಗೆ, ಅಭಿಮಾನಿಗಳು ಕಥೆ ಬರೆದು ಹಂಚಿಕೊಳ್ಳುವ ಒಂದು ವಿದೇಶಿ ತಾಣ ಚೀನಾದಲ್ಲಿ ಸಿಗದಂತಾಯಿತು. ಅದರ ಓದುಗರು ರೊಚ್ಚಿಗೆದ್ದು, ನಟ ಜಾಹೀರಾತು ನೀಡಿದ್ದ ಸರಕುಗಳನ್ನು ಬಹಿಷ್ಕರಿಸಲು ಹೊರಟರು. ಕಥೆ ಬರೆದವರೂ ದೂರು ಕೊಟ್ಟವರೂ ಬೇರೆಯವರು, ಪೆಟ್ಟು ತಿಂದದ್ದು ನಟ. ಅವರ ಅಭಿನಯದ ಬಗ್ಗೆ ಆ ಗದ್ದಲದಲ್ಲಿ ಮಾತಾಡುವವರೇ ಇರಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ 'ಯೂತ್ ವಿತ್ ಯು' ಎಂಬ ಸ್ಪರ್ಧಾ ಕಾರ್ಯಕ್ರಮದ ಹೆಸರಿನಲ್ಲಿ ನಡೆದದ್ದು ಇನ್ನೂ ಘೋರ. ಪ್ರಾಯೋಜಕರ ಹಾಲಿನ ಬಾಟಲಿಯ ಮುಚ್ಚಳದಲ್ಲಿ ಕ್ಯೂಆರ್ ಕೋಡ್ ಇತ್ತು, ಅದನ್ನು ಸ್ಕ್ಯಾನ್ ಮಾಡಿದರೆ ನೆಚ್ಚಿನ ಸ್ಪರ್ಧಿಗೆ ಹೆಚ್ಚುವರಿ ಮತ. ಮುಚ್ಚಳಕ್ಕಾಗಿ ಹಾಲನ್ನು ರಾಶಿರಾಶಿ ಕೊಂಡು, ಬಾಟಲಿ ಬಿಚ್ಚಿ ಕಾಲುವೆಗೆ ಸುರಿಯುವ ವಿಡಿಯೊ ಹೊರಬಿದ್ದು ದೇಶವೇ ಹೌಹಾರಿತು. ಅಂತಿಮ ಸುತ್ತು ನಡೆಯಲೇ ಇಲ್ಲ. 2021ರ ಆಗಸ್ಟ್ 27ರಂದು ಅಲ್ಲಿನ ಅಂತರಜಾಲ ನಿಯಂತ್ರಣ ಸಂಸ್ಥೆ ತಾರೆಯರ ಶ್ರೇಯಾಂಕ ಪಟ್ಟಿಗಳನ್ನು ತೆಗೆದುಹಾಕುವಂತೆ, ಅಪ್ರಾಪ್ತ ವಯಸ್ಕರು ತಾರೆಯರಿಗಾಗಿ ಹಣ ಸುರಿಯುವುದನ್ನು ತಡೆಯುವಂತೆ ಆದೇಶಿಸಿತು. ಮಕ್ಕಳ ಹಣದ ಮಟ್ಟಿಗೆ ಅದು ಅಗತ್ಯವೇ ಇತ್ತು. ಆದರೆ ಸರ್ಕಾರದ ಆದೇಶದಿಂದ ಪಟ್ಟಿ ಮಾಯವಾದೀತೇ ಹೊರತು ರಸಿಕತೆ ಬೆಳೆಯದು, ಹಾಗೆ ಆದೇಶಿಸುವ ಕೈ ನಾಳೆ ತನಗೆ ಹಿಡಿಸದ ಪಾತ್ರವನ್ನೂ ತೆಗೆಸೀತು ಎಂಬ ಭಯ ನನಗಿದೆ.

ಹಾಲು ಸುರಿಯುವುದನ್ನು ಕಂಡು ಅವರನ್ನು ಹಳಿಯುವ ಮುನ್ನ ನಮ್ಮ ಚಿತ್ರಮಂದಿರಗಳ ಮುಂದೆ ಮೊದಲ ದಿನ ಬೆಳಿಗ್ಗೆ ಕಟೌಟಿಗೆ ನಡೆಯುವ ಕ್ಷೀರಾಭಿಷೇಕವನ್ನು ನೆನೆಯಬೇಕು. ಹಸು ಕಟ್ಟಿ, ಬೆಳಗಿನ ಜಾವ ಎದ್ದು ಡೇರಿಗೆ ಹಾಲು ಹಾಕುವ ರೈತರ ಜಿಲ್ಲೆ ಇದು. ಅಭಿಮಾನಿಗಳನ್ನು ದೇವರುಗಳೇ ಎಂದು ಕರೆದ ಡಾ. ರಾಜ್‌ಕುಮಾರ್ ಅವರ ನಾಡಿನಲ್ಲಿ, ಈಗ ಒಬ್ಬ ನಟನ ಅಭಿಮಾನಿ ಇನ್ನೊಬ್ಬ ನಟನ ಮನೆಯ ಹೆಣ್ಣುಮಕ್ಕಳನ್ನು ಅವಾಚ್ಯವಾಗಿ ನಿಂದಿಸುವ ಫ್ಯಾನ್ ವಾರ್‌ಗಳು ನಡೆಯುತ್ತಿವೆ. ಮೊದಲ ದಿನದ ಕಲೆಕ್ಷನ್ ಎಷ್ಟು, ಟೀಸರ್ ಎಷ್ಟು ಜನ ನೋಡಿದರು ಎಂಬ ಅಂಕಿಗಳೇ ಅವರ ಆಯುಧ. ಸಂಪಾದಕರು ಬೇಸರಿಸಬಾರದು, ಆ ಅಂಕಿಗಳನ್ನು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕುವವರು ಪತ್ರಿಕೆಗಳವರೇ.

ಚಿತ್ರದುರ್ಗದ ಕೋಟೆ ಇಲ್ಲಿಂದ ದೂರವಿಲ್ಲ. 1972ರ 'ನಾಗರಹಾವು' ಸಿನಿಮಾದ ಚಿತ್ರೀಕರಣ ನಡೆದದ್ದು ಆ ಬಂಡೆಗಳ ನಡುವೆ. ಇಂದಿಗೂ ಅಲ್ಲಿಗೆ ಬರುವವರು ರಾಮಾಚಾರಿ ನಿಂತ ಜಾಗ ಯಾವುದು ಎಂದು ಕೇಳುತ್ತಾರೆ, ಆ ಚಿತ್ರ ಎಷ್ಟು ಗಳಿಸಿತು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಹೊಸಬ ವಿಷ್ಣುವರ್ಧನ್ ಆ ಹುಡುಗನ ಸಿಡುಕು, ಹಟ, ಗುರುವಿನ ಎದುರು ಮಾತ್ರ ಬಾಗುವ ತಲೆಯನ್ನು ತಂದುಕೊಟ್ಟ ಬಗೆಯನ್ನು ಜನ ಎರಡು ತಲೆಮಾರು ದಾಟಿಸಿ ಉಳಿಸಿಕೊಂಡಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಸಿನಿಮಾ ಪುರವಣಿಯಲ್ಲಿ ಗಳಿಕೆಯ ಸುದ್ದಿಗೆ ಕೊಡುವ ಜಾಗದಲ್ಲಿ ಸ್ವಲ್ಪವನ್ನು ಪಾತ್ರಗಳ ಬಗ್ಗೆ ಬರೆಯುವ ಓದುಗರಿಗೆ ಬಿಟ್ಟುಕೊಡಿ. ಒಬ್ಬ ನಟ, ಒಂದು ಪಾತ್ರ, ಸಾಧ್ಯವಾದರೆ ಒಂದೇ ದೃಶ್ಯ. ನಟ ಕನ್ನಡದವನಾಗಿರಲಿ, ಚೀನಾದವನಾಗಿರಲಿ. ಸಾಣೇಹಳ್ಳಿಯ ಶಿವಸಂಚಾರ ತಂಡ ನಾಟಕಗಳನ್ನು ಹೊತ್ತು ಊರೂರು ತಿರುಗುತ್ತದೆ, ವೃತ್ತಿ ರಂಗಭೂಮಿಗೆಂದೇ ಇರುವ ರಂಗಾಯಣ ನಮ್ಮ ದಾವಣಗೆರೆಯಲ್ಲೇ ಇದೆ. ಅಲ್ಲಿ ಬಣ್ಣ ಹಚ್ಚುವ ಹುಡುಗ ಹುಡುಗಿಯರ ಅಭಿನಯವನ್ನು ಹೆಸರು ಹಿಡಿದು ವಿಮರ್ಶಿಸುವ ಸಾಲುಗಳು ಪತ್ರಿಕೆಯಲ್ಲಿ ಬರುವುದೇ ಅಪರೂಪ, ಬಂದರೆ ಉದ್ಘಾಟಕರ ಭಾಷಣದ ಕೆಳಗೆ ಒಂದು ಸಾಲು. ಅಂಕಣಕ್ಕೆ ಬರೆಯುವವರು ಸಿಗುವುದಿಲ್ಲ ಎಂಬ ಚಿಂತೆ ತಮಗೆ ಬೇಡ. ನಮ್ಮ ಬಳಗದವರು ಬರೆದು ಕಳುಹಿಸಲು ಸಿದ್ಧರಿದ್ದಾರೆ, ಬಿಲ್ಲಿನ ದೃಶ್ಯದ ಬಗ್ಗೆ ಪಟ್ಟು ಹಿಡಿದ ಆ ವಿದ್ಯಾರ್ಥಿ ತನ್ನ ವಾದವನ್ನು ಈಗಾಗಲೇ ಅಚ್ಚುಕಟ್ಟಾಗಿ ಎರಡು ಹಾಳೆ ಬರೆದಿಟ್ಟಿದ್ದಾನೆ. ತಾವು ಒಪ್ಪಿದರೆ ಅದನ್ನೂ, ಅದಕ್ಕೆ ಮುಖ್ಯೋಪಾಧ್ಯಾಯಿನಿಯವರ ಉತ್ತರವನ್ನೂ ಒಟ್ಟಿಗೆ ಕಳುಹಿಸಿಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ,
ವಿದ್ಯಾನಗರ, ದಾವಣಗೆರೆ